ಕ್ಯಾಥೆಟರಿನೊಳಗೆ ಕಟ್ಟುವ ಕಲ್ಲು: ದೀರ್ಘಕಾಲದ ಮೂತ್ರನಳಿಕೆ ಮತ್ತು ಸೋಂಕು

ಬೆನ್ನುಹುರಿಗೆ ಪೆಟ್ಟಾದವರು, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರು, ಪ್ರಾಸ್ಟೇಟ್ ಊದಿಕೊಂಡಿದ್ದರೂ ಶಸ್ತ್ರಚಿಕಿತ್ಸೆ ತಾಳಲಾರದ ವೃದ್ಧರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೂತ್ರದ ಕ್ಯಾಥೆಟರ್ ಇಟ್ಟುಕೊಂಡೇ ಬದುಕುತ್ತಾರೆ. ಅವರ ಕಲ್ಚರ್ ವರದಿಯಲ್ಲಿ ಬ್ಯಾಕ್ಟೀರಿಯಾ ಕಂಡೊಡನೆ ಆಂಟಿಬಯೋಟಿಕ್ ಬರೆಯುವ ರೂಢಿಯಿದೆ. ಈ ರೂಢಿ ನಮ್ಮ ಗಮನವನ್ನು ತಪ್ಪು ಕಡೆಗೆ ಎಳೆಯುತ್ತದೆ ಎಂಬುದು ನನ್ನ ವಾದ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂಬುದಕ್ಕಿಂತ, ಅದು ಯಾವುದು, ನಳಿಕೆಯನ್ನು ಕಟ್ಟಿಸುತ್ತಿದೆಯೇ ಎಂದು ಕೇಳಬೇಕು.

ಕ್ಯಾಥೆಟರ್ ಒಳಗಿರುವ ಒಂದೊಂದು ದಿನಕ್ಕೂ ಮೂತ್ರಕ್ಕೆ ಬ್ಯಾಕ್ಟೀರಿಯಾ ಸೇರುವ ಸಂಭವ ಸುಮಾರು ಶೇ. 3ರಿಂದ 7. ತಿಂಗಳು ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಅದು ನೆಲೆಸಿರುತ್ತದೆ. ನಳಿಕೆ ಮತ್ತು ಚೀಲದ ಜೋಡಣೆಯನ್ನು ಎಲ್ಲೂ ಬಿಚ್ಚದೆ ಮುಚ್ಚಿಯೇ ಇಡುವುದರ ಪ್ರಯೋಜನವನ್ನು ಅಮೆರಿಕದಲ್ಲಿ ಕುನಿನ್ ಮತ್ತು ಮೆಕಾರ್ಮ್ಯಾಕ್ 1966ರಲ್ಲೇ ತೋರಿಸಿದ್ದರು. ಆ ಕ್ರಮ ಬ್ಯಾಕ್ಟೀರಿಯಾದ ಪ್ರವೇಶವನ್ನು ತಡಮಾಡುತ್ತದೆ, ದೀರ್ಘಕಾಲ ತಡೆದು ನಿಲ್ಲಿಸಲಾರದು. ಜ್ವರ, ನಡುಕ, ಪಕ್ಕೆನೋವಿನಂಥ ಲಕ್ಷಣಗಳಿಲ್ಲದಿದ್ದರೆ ಇದಕ್ಕೆ ಔಷಧ ಕೊಡಬಾರದೆಂಬ ಶಿಫಾರಸು ಬಹುಕಾಲದಿಂದ ಇದೆ. ಗರ್ಭಿಣಿಯರು, ಮೂತ್ರಾಂಗದ ಕೆಲವು ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ಮಾತ್ರ ಇದಕ್ಕೆ ಹೊರತು. ಮೂತ್ರ ಮಬ್ಬಾಗಿದೆ, ವಾಸನೆ ಬರುತ್ತಿದೆ ಎಂಬಷ್ಟೇ ಕಾರಣಕ್ಕೆ ಕೊಟ್ಟ ಮಾತ್ರೆ ಒಗ್ಗಿದ ಜೀವಿಗಳನ್ನು ಕೊಂದು, ಔಷಧಕ್ಕೆ ಬಗ್ಗದವುಗಳಿಗೆ ಜಾಗ ಮಾಡಿಕೊಡುತ್ತದೆ.

ಹೀಗೆ ನೆಲೆಸುವ ಎಲ್ಲ ಬ್ಯಾಕ್ಟೀರಿಯಾಗಳೂ ಒಂದೇ ಅಲ್ಲ. ಪ್ರೋಟಿಯಸ್ ಮಿರಾಬಿಲಿಸ್ ಎಂಬುದನ್ನು ಬೇರೆಯಾಗಿಯೇ ನೋಡಬೇಕು. ಇದರ ಯೂರಿಯೇಸ್ ಕಿಣ್ವ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯ ಬಿಡುಗಡೆ ಮಾಡುತ್ತದೆ. ಸಾಮಾನ್ಯವಾಗಿ 6ರ ಆಸುಪಾಸಿನಲ್ಲಿರುವ ಮೂತ್ರದ ಪಿಎಚ್ 8ನ್ನೂ ದಾಟುತ್ತದೆ. ಆಗ ಕರಗಿದ್ದ ಮೆಗ್ನೀಸಿಯಂ, ಕ್ಯಾಲ್ಸಿಯಂಗಳು ಫಾಸ್ಫೇಟಿನೊಡನೆ ಹರಳುಗಟ್ಟಿ, ಬ್ಯಾಕ್ಟೀರಿಯಾದ ಲೋಳೆಪದರದೊಳಗೆ ಸಿಕ್ಕಿಕೊಳ್ಳುತ್ತವೆ. ಗಡಸು ನೀರು ಕಾಯಿಸಿದ ಹಂಡೆಯ ಒಳಮೈಗೆ ಬಿಳಿ ಗಟ್ಟಿ ಕಟ್ಟುವಂತೆ ನಳಿಕೆಯ ತುದಿಯೂ ಒಳಮೈಯೂ ಕಲ್ಲಾಗುತ್ತವೆ. ತುದಿಯ ಬಳಿ ಉಬ್ಬಿಸಿದ ಬಲೂನಿನಿಂದ ಮೂತ್ರಕೋಶದೊಳಗೆ ನಿಲ್ಲುವ ಫೋಲಿ ಕ್ಯಾಥೆಟರಿನ ರಚನೆಯೂ ಇದಕ್ಕೆ ಒದಗಿಬರುತ್ತದೆ: ಮೂತ್ರ ಒಳಬರುವ ಕಂಡಿ ಬಲೂನಿಗಿಂತ ಮೇಲಿರುವುದರಿಂದ ಮೂತ್ರಕೋಶ ಎಂದೂ ಪೂರ್ತಿ ಬರಿದಾಗುವುದಿಲ್ಲ, ತಳದಲ್ಲಿ ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತದೆ.

ದೀರ್ಘಕಾಲ ಕ್ಯಾಥೆಟರ್ ಬಳಸುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಒಂದಲ್ಲ ಒಂದು ಸಲ ನಳಿಕೆ ಕಟ್ಟಿಕೊಳ್ಳುವುದನ್ನು ಅನುಭವಿಸುತ್ತಾರೆ. ಮೂತ್ರ ಪಕ್ಕದಿಂದ ಸೋರಿದರೆ ಮನೆಯವರಿಗೆ ಗೊತ್ತಾದೀತು. ಸೋರದೆ ಒಳಗೇ ಉಳಿದರೆ ಮೂತ್ರಕೋಶ ಬಿಗಿದು, ಸೋಂಕು ತುಂಬಿದ ಮೂತ್ರ ಮೂತ್ರಪಿಂಡದತ್ತ ಹಿಂದಕ್ಕೆ ನುಗ್ಗಿ, ರಕ್ತಕ್ಕೂ ಸೋಂಕು ಹರಡಬಹುದು. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಲ್ಲಿ ಅಪಾಯ ಇನ್ನೂ ಬೇಗ ಎರಗುತ್ತದೆ: ಬಿಗಿದ ಮೂತ್ರಕೋಶವೇ ರಕ್ತದೊತ್ತಡವನ್ನು ಥಟ್ಟನೆ ಏರಿಸಿ, ತಲೆ ಸಿಡಿದಂತಾಗಿ, ಮುಖ ಬೆವರುತ್ತದೆ. ಚೀಲಕ್ಕೆ ಮೂತ್ರ ಇಳಿಯುತ್ತಿದೆಯೇ, ಕೊಳವೆ ಮಡಚಿದೆಯೇ ಎಂದು ಮೊದಲು ನೋಡಬೇಕು. ಮನೆಯಲ್ಲಿ ಆರೈಕೆ ಮಾಡುವವರಿಗೆ ಇದನ್ನು ಹೇಳಿಕೊಡದೆ ರೋಗಿಯನ್ನು ಆಸ್ಪತ್ರೆಯಿಂದ ಕಳಿಸುವುದು ನನ್ನ ದೃಷ್ಟಿಯಲ್ಲಿ ಅರ್ಧ ಚಿಕಿತ್ಸೆ.

ಕಾರ್ಡಿಫ್ ವಿಶ್ವವಿದ್ಯಾಲಯದ ಡೇವಿಡ್ ಸ್ಟಿಕ್ಲರ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಮಾದರಿ ಮೂತ್ರಕೋಶ ಕಟ್ಟಿ, ನಳಿಕೆ ಹೀಗೆ ಕಟ್ಟಿಕೊಳ್ಳುವುದನ್ನು ವರ್ಷಗಳ ಕಾಲ ಪರೀಕ್ಷಿಸಿದರು. ಬೆಳ್ಳಿ ಲೇಪಿಸಿದ ನಳಿಕೆಯೂ ಕಟ್ಟಿಕೊಂಡಿತು. ಒಳರಂಧ್ರ ಅಗಲವಿರುವ ಸಿಲಿಕೋನ್ ತುಸು ಹೆಚ್ಚು ಕಾಲ ತಡೆಯಿತು, ಅಷ್ಟೇ. ಹೆಚ್ಚು ನೀರು ಕುಡಿದು ಸಿಟ್ರೇಟ್ ಸೇವಿಸಿದಾಗ ಹರಳುಗಟ್ಟಲು ಬೇಕಾದ ಪಿಎಚ್ ಮಟ್ಟವೇ ಮೇಲಕ್ಕೆ ಸರಿಯುತ್ತದೆ ಎಂಬ ಅವರ ಫಲಿತಾಂಶ ನನಗೆ ಬಹಳ ಬೆಲೆಯುಳ್ಳದ್ದೆನಿಸುತ್ತದೆ. ಹೃದಯ, ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ನೀರಿನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಜ್ವರ ಬಂದಾಗ ಎರಡು ವಾರಕ್ಕಿಂತ ಹಳೆಯ ನಳಿಕೆಯಿಂದ ಮಾದರಿ ತೆಗೆದರೆ ಲೋಳೆಪದರದ ಬ್ಯಾಕ್ಟೀರಿಯಾ ವರದಿಯನ್ನು ಕೆಡಿಸುತ್ತದೆ. ಹೊಸ ನಳಿಕೆ ಹಾಕಿ ಅದರಿಂದ ತೆಗೆಯಬೇಕು. ನಳಿಕೆ ಬದಲಾಯಿಸಿದರೂ ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿಕೊಂಡರೆ ಮೂತ್ರಕೋಶದಲ್ಲಿ ಕಲ್ಲು ಇದೆಯೇ ಎಂದು ಹುಡುಕಬೇಕು. ಪ್ರೋಟಿಯಸ್ ಆ ಕಲ್ಲಿನೊಳಗೆ ಆಂಟಿಬಯೋಟಿಕ್ ತಲುಪದಂತೆ ಅಡಗಿ, ಪ್ರತಿ ಹೊಸ ನಳಿಕೆಯನ್ನೂ ಮತ್ತೆ ಆವರಿಸುತ್ತದೆ. ಕಲ್ಲು ತೆಗೆಯುವವರೆಗೂ ಅದು ನಿಲ್ಲುವುದಿಲ್ಲ.