ನಿಕಲ್, ಡೈಮ್ ಮತ್ತು ಒಂದು ಚಿಲ್ಲರೆ ತಕರಾರು

"ಥರ್ಡ್ ಅಂಡ್ ಲಾಂಗ್ ಕಣೋ, ಡೈಮ್ ಹಾಕು! ಇನ್ನೂ ನಿಕಲ್‌ನಲ್ಲೇ ಕೂತಿದೀಯಲ್ಲ!" ಡಲ್ಲಾಸ್ ಹತ್ತಿರದ ಒಂದು ಕನ್ನಡಿಗರ ಮನೆಯಲ್ಲಿ ಮ್ಯಾಡನ್ ಎಂಬ ಅಮೆರಿಕನ್ ಫುಟ್‌ಬಾಲ್ ವಿಡಿಯೊ ಗೇಮ್ ಆಡುತ್ತಿದ್ದ ಅಣ್ಣ ತಮ್ಮನನ್ನು ಗದರಿದ್ದು ಹೀಗೆ. ಊರಿಂದ ಬಂದಿದ್ದ ಅಜ್ಜ ಪತ್ರಿಕೆಯಿಂದ ತಲೆ ಎತ್ತಿ, "ದುಡ್ಡು ಕಟ್ಟಿ ಆಡ್ತಿದಾರೇನಮ್ಮ ಇವರು?" ಎಂದು ಮಗಳನ್ನು ಕೇಳಿದರಂತೆ. ಪ್ರಶ್ನೆ ನ್ಯಾಯವಾದದ್ದೇ. ನಿಕಲ್ ಎಂದರೆ ಅಮೆರಿಕದ ಐದು ಸೆಂಟಿನ ನಾಣ್ಯ, ಡೈಮ್ ಎಂದರೆ ಹತ್ತು ಸೆಂಟಿನದು.

ಮೈದಾನದಲ್ಲಿ ಈ ಚಿಲ್ಲರೆಗೆ ಬೇರೆ ಕೆಲಸವಿದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದೊಂದು ಕಡೆ 11 ಮಂದಿ. ತಡೆಯುವ ತಂಡದ ಹಿಂದಿನ ಸಾಲಿನಲ್ಲಿ, ಪಾಸ್‌ಗಳನ್ನು ಕಾಯಲು, ವಾಡಿಕೆಯಂತೆ ನಾಲ್ವರು: ಇಬ್ಬರು ಕಾರ್ನರ್‌ಬ್ಯಾಕ್, ಇಬ್ಬರು ಸೇಫ್ಟಿ. ಐದನೆಯವನು ಬಂದರೆ ಅದು ನಿಕಲ್. ಐದಕ್ಕೆ ಐದು, ಲೆಕ್ಕ ಸರಿಹೋಯಿತು. ಆರನೆಯವನು ಬಂದರೆ ಡೈಮ್, ಏಳನೆಯವನು ಬಂದರೆ ಕ್ವಾರ್ಟರ್. ಹತ್ತು ಸೆಂಟಿಗೆ ಆರು ಮಂದಿ, ಇಪ್ಪತ್ತೈದು ಸೆಂಟಿಗೆ ಏಳು!

ಇದಕ್ಕೊಂದು ಸಿದ್ಧ ಸಮಜಾಯಿಷಿ ಇದೆ: ಹೆಚ್ಚುವರಿ ಆಟಗಾರ ಒಂದು ನಿಕಲ್, ಅಂಥವರಿಬ್ಬರು ಸೇರಿದರೆ ಒಂದು ಡೈಮ್. ಕೇಳಲು ಚೆನ್ನ. ಆದರೆ ಅದೇ ನ್ಯಾಯದಲ್ಲಿ ಮೂವರಿಗೆ ಹದಿನೈದು ಸೆಂಟಾಗಬೇಕು, ಹದಿನೈದು ಸೆಂಟಿನ ನಾಣ್ಯ ಅಮೆರಿಕದಲ್ಲಿಲ್ಲ. ಈ ಅಂಕಣದ ಹಠ ಬೇರೆ. ಐದರ ಹೊತ್ತಿಗೆ ಯಾರೋ ಕೋಚ್ ತಮಾಷೆಗೆ ನಿಕಲ್ ಎಂದಿರಬೇಕು. ಆರನೆಯವನು ಬಂದಾಗ ಕೂಡಿಸಿ ಕಳೆಯುವ ಗೋಜಿಗೆ ಹೋಗದೆ ಜೇಬಿನಲ್ಲಿ ಅದರ ಮುಂದಿನ ನಾಣ್ಯ ಯಾವುದೋ ಅದನ್ನೇ ಎತ್ತಿಕೊಂಡಿರಬೇಕು. ಭಾಷೆ ಬಹಳ ಸಲ ಲೆಕ್ಕ ಬಿಟ್ಟು ಸಾಲು ಹಿಡಿದೇ ನಡೆಯುತ್ತದೆ.

ನಾಣ್ಯದ ಹೆಸರು ಲೆಕ್ಕವನ್ನು ಮರೆತು ಬದುಕುವುದು ಕನ್ನಡದವರಿಗೆ ಹೊಸತೇನಲ್ಲ. ದುಡ್ಡು ಎನ್ನುವುದೇ ಒಂದು ಕಾಲಕ್ಕೆ ಒಂದು ತಾಮ್ರದ ನಾಣ್ಯ, ಈಗ ಕೋಟಿಗೂ ದುಡ್ಡೇ. ರೂಪಾಯಿಗೆ ಹದಿನಾರಾಣೆ ಎಂಬ ಲೆಕ್ಕ 1957ರ ಏಪ್ರಿಲ್ 1ಕ್ಕೆ ಸರಕಾರಿ ಕಡತದಲ್ಲಿ ಮುಗಿಯಿತು. ಆದರೂ ಇಪ್ಪತ್ತೈದು ಪೈಸೆಯನ್ನು ಜನ ನಾಲ್ಕಾಣೆ ಎಂದೇ ಕರೆದರು. 2011ರ ಜೂನ್ ಕೊನೆಗೆ ಆ ನಾಣ್ಯವೂ ಚಲಾವಣೆಯಿಂದ ಹೋಯಿತು. "ಅವನು ಹೇಳಿದ್ದು ಹದಿನಾರಾಣೆ ನಿಜ" ಎನ್ನುವ ಮಾತು ಮಾತ್ರ ಉಳಿದಿತ್ತು. ಅದರಲ್ಲಿ ಒಂದು ಸೊಗಸಿದೆ: ನಿಜವನ್ನು ಕೈಯಲ್ಲಿ ಹಿಡಿದು, ಒಂದೊಂದೇ ಆಣೆ ಎಣಿಸಿ, ಕಡಿಮೆ ಬೀಳಲಿಲ್ಲವೆಂದು ಖಾತ್ರಿ ಮಾಡಿಕೊಂಡಂತೆ. ಹದಿನಾಲ್ಕಾಣೆ ನಿಜವೂ ಇರಬಹುದು ಎಂಬ ಸಣ್ಣ ಅನುಮಾನವೂ ಅದರೊಳಗೇ ಕೂತಿದೆ. ಈಗ ಟಿವಿಯಲ್ಲಿ, ಮದುವೆ ಮನೆಯಲ್ಲಿ, ತರಕಾರಿ ಅಂಗಡಿಯಲ್ಲಿ ಎಲ್ಲರದ್ದೂ "ಹಂಡ್ರೆಡ್ ಪರ್ಸೆಂಟ್". ಕೆಲವರದ್ದು ಇನ್ನೂರು ಪರ್ಸೆಂಟ್. ಹದಿನೇಳಾಣೆ ನಿಜ ಹೇಳುವ ಧೈರ್ಯ ಹಿಂದೆ ಯಾರಿಗೂ ಇರಲಿಲ್ಲ.

ಮ್ಯಾಡನ್‌ಗೆ ಮರಳೋಣ. 1988ರಲ್ಲಿ ಮೊದಲು ಬಂದ ಈ ಆಟಕ್ಕೆ ಹೆಸರು ಕೊಟ್ಟ ಜಾನ್ ಮ್ಯಾಡನ್ ಓಕ್‌ಲ್ಯಾಂಡ್ ರೇಡರ್ಸ್ ತಂಡದ ಕೋಚ್ ಆಗಿದ್ದವರು. ಅಂದಿನ ಕಂಪ್ಯೂಟರ್‌ಗಳ ಶಕ್ತಿ ಸಾಲದು, ಒಂದೊಂದು ಕಡೆ ಆರೇಳು ಮಂದಿ ಸಾಕು ಎಂದು ತಯಾರಕರು ಯೋಚಿಸಿದಾಗ, 11 ಮಂದಿ ಇಲ್ಲದಿದ್ದರೆ ಅದು ಫುಟ್‌ಬಾಲೇ ಅಲ್ಲ ಎಂದು ಅವರು ಪಟ್ಟು ಹಿಡಿದರು. ಏಳೇ ಮಂದಿಯಾಗಿದ್ದರೆ ನಿಕಲ್‌ನಲ್ಲಿ ಐವರು ಹಿಂದೆ ನಿಂತು, ಮುಂದೆ ಇಬ್ಬರೇ ಉಳಿಯುತ್ತಿದ್ದರು.

ತಮ್ಮನ ತೊಂದರೆ ಇರುವುದೂ ಇದೇ ಲೆಕ್ಕದಲ್ಲಿ. ಒಬ್ಬ ಒಳಗೆ ಬಂದರೆ ಇನ್ನೊಬ್ಬ ಹೊರಗೆ ಹೋಗಲೇಬೇಕು. ಹೋಗುವವನು ಸಾಮಾನ್ಯವಾಗಿ ದಪ್ಪ ಮೈಯ ಲೈನ್‌ಬ್ಯಾಕರ್. ಎದುರಾಳಿ ಪಾಸ್ ಹಿಡಿಯುವ ರಿಸೀವರ್‌ಗಳನ್ನು ಮೂವರನ್ನು ನಿಲ್ಲಿಸಿದರೆ ನಿಕಲ್, ನಾಲ್ವರಾದರೆ ಡೈಮ್, ಇದು ಪಾಠದ ಮೊದಲ ಪುಟ. ಥರ್ಡ್ ಅಂಡ್ ಲಾಂಗ್, ಅಂದರೆ ಮೂರನೆಯ ಯತ್ನದಲ್ಲಿ ಇನ್ನೂ ಬಹಳ ದೂರ ಬಾಕಿ ಇದ್ದಾಗ, ಪಾಸ್ ಬರುವ ಸಂಭವವೇ ಹೆಚ್ಚು; ಅಣ್ಣ ಗದರಿದ್ದು ಅದಕ್ಕೇ. ಆದರೆ ಒಂದು ಉದ್ದನೆಯ ಪಾಸ್‌ಗೆ ಹೆದರಿ ಡೈಮ್‌ನಲ್ಲೇ ತಳವೂರಿದವನ ಮೇಲೆ ಎದುರಾಳಿ ಪಾಸ್ ಬಿಟ್ಟು ಚೆಂಡು ಹಿಡಿದು ಓಡತೊಡಗುತ್ತಾನೆ, ತಡೆಯಬೇಕಾದವನು ಬೆಂಚಿನ ಮೇಲಿರುತ್ತಾನೆ. ಹೊಸಬರ ಇನ್ನೊಂದು ಚಪಲ, ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ತಾವೇ ಬೇಟೆಯಾಡುವುದು. ಆ ಓಟವನ್ನು ಕಂಪ್ಯೂಟರಿಗೆ ಬಿಟ್ಟು, ನಡುವಿನ ಲೈನ್‌ಬ್ಯಾಕರ್‌ನನ್ನೋ ಸೇಫ್ಟಿಯನ್ನೋ ಕೈಗೆ ತೆಗೆದುಕೊಂಡು ಮೈದಾನದ ಮಧ್ಯಭಾಗ ಮುಚ್ಚುವವನೇ ಜಾಣ.

ನಿಜದ ಮೈದಾನದಲ್ಲೂ ನಿಕಲ್‌ಗೆ ಭಡ್ತಿಯಾಗಿದೆ. 1978ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ನಿಯಮ ಬದಲಿಸಿ, ಚೆಂಡು ಆಟಕ್ಕಿಳಿಯುವ ಗೆರೆಯಿಂದ ಐದು ಯಾರ್ಡ್ ದಾಟಿದ ಮೇಲೆ ರಿಸೀವರ್‌ನನ್ನು ತಳ್ಳಿ ತಡೆಯುವಂತಿಲ್ಲ ಎಂದಿತು. ಪಾಸ್‌ಗಳ ಕಾಲ ಶುರುವಾಯಿತು. ಅಪರೂಪಕ್ಕೆ ಜೇಬಿನಿಂದ ತೆಗೆಯುತ್ತಿದ್ದ ನಾಣ್ಯ ಈಗ ಅರ್ಧಕ್ಕಿಂತ ಹೆಚ್ಚು ಸಲ ಹೊರಗೇ ಇರುತ್ತದೆ.

ಡೈಮ್ ಮಾತ್ರ ಎರಡೂ ಕಡೆ ಗೆಳೆತನ ಇಟ್ಟುಕೊಂಡಿದೆ. ಓಡುತ್ತಿರುವವನ ಅಂಗೈಗೆ ಕೂದಲೆಳೆಯೂ ತಪ್ಪದಂತೆ ಪಾಸ್ ಇಟ್ಟರೆ ಅಮೆರಿಕದವರು ಅದನ್ನೂ ಡೈಮ್ ಎನ್ನುತ್ತಾರೆ. ಹಾಗಾಗಿ ಡೈಮ್‌ನ ಮೇಲೆಯೇ ಡೈಮ್ ಬೀಳುವುದುಂಟು.

ಇಷ್ಟಾಗಿಯೂ ಲೆಕ್ಕದ ಹುಳ ಬಿಡದ ಓದುಗರು ಮ್ಯಾಡನ್‌ನ ಪ್ಲೇಬುಕ್ ತೆರೆದು ನೋಡಬಹುದು. ಅಲ್ಲಿ ಡಾಲರ್ 3-2-6 ಎಂಬ ವ್ಯೂಹವಿದೆ: ಮುಂದೆ ಮೂವರು, ನಡುವೆ ಇಬ್ಬರು, ಹಿಂದೆ ಆರು ಮಂದಿ. ಡೈಮ್ 2-3-6ರಲ್ಲೂ ಹಿಂದೆ ಇರುವವರು ಆರೇ.