ಕುಲಾಂತರಿ ಸೂಕ್ಷ್ಮಜೀವಿಗಳ ಸುರಕ್ಷತಾ ನಿಯಂತ್ರಣ

ಜೀನ್ ಮಾರ್ಪಡಿಸಿದ ಬ್ಯಾಕ್ಟೀರಿಯ, ಯೀಸ್ಟ್, ವೈರಸ್‌ಗಳು ಪ್ರಯೋಗಾಲಯ ಅಥವಾ ಕಾರ್ಖಾನೆಯಿಂದ ಹೊರಬೀಳದಂತೆಯೂ ಅಲ್ಲಿ ದುಡಿಯುವವರಿಗೆ ತಗಲದಂತೆಯೂ ತಡೆಯುವ ಕಾನೂನು ಮತ್ತು ಕ್ರಮಗಳು. ಭಾರತದಲ್ಲಿ ಇವು ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕ 2002ಕ್ಕಿಂತ ಹಳೆಯವು.

ಹಿನ್ನೆಲೆ: 1973ರಲ್ಲಿ ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬಾಯರ್ ಇ. ಕೋಲಿ ಬ್ಯಾಕ್ಟೀರಿಯಕ್ಕೆ ಅನ್ಯ ಜೀನ್ ಸೇರಿಸಿ ತೋರಿಸಿದರು. ಇದರಿಂದ ಆಗಬಹುದಾದ ಅಪಾಯದ ಪ್ರಶ್ನೆಯನ್ನು ಮೊದಲು ಎತ್ತಿದವರು ವಿಜ್ಞಾನಿಗಳೇ. ಪಾಲ್ ಬರ್ಗ್ ಮುಂದಾಳುತನದಲ್ಲಿ 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಅಸಿಲೊಮಾರ್‌ನಲ್ಲಿ ಸಭೆ ಸೇರಿತು. ಮರುವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಮಾರ್ಗಸೂಚಿ ಹೊರಡಿಸಿದವು. ಅದರ ಪ್ರಕಾರ ಗಾಳಿ ಸೋಸುವ ಉಪಕರಣ, ಬಾಗಿಲು, ಬೀಗಗಳು ಒಂದು ತಡೆ. ಹೊರಗೆ ಬದುಕಲಾರದ ದುರ್ಬಲ ತಳಿಯನ್ನೇ ಬಳಸುವುದು ಇನ್ನೊಂದು ತಡೆ.

ಭಾರತದಲ್ಲಿ: ಭೋಪಾಲ್ ದುರಂತದ ನಂತರ ಬಂದ 1986ರ ಪರಿಸರ (ಸಂರಕ್ಷಣೆ) ಕಾಯ್ದೆಯಡಿ 1989ರ ಡಿಸೆಂಬರ್ 5ರಂದು ನಿಯಮಗಳು ಪ್ರಕಟವಾದವು. ಜೈವಿಕ ತಂತ್ರಜ್ಞಾನ ಇಲಾಖೆಯ ಮಾರ್ಗಸೂಚಿ 1990ರಲ್ಲಿ ಬಂತು. ಮೊದಲ ಕಾವಲು ಸಂಸ್ಥೆಯೊಳಗಿನದೇ: ಮುಖ್ಯಸ್ಥರು, ವಿಜ್ಞಾನಿಗಳು, ಒಬ್ಬ ವೈದ್ಯರು ಮತ್ತು ಇಲಾಖೆಯ ಪ್ರತಿನಿಧಿ ಇರುವ ಜೈವಿಕ ಸುರಕ್ಷತಾ ಸಮಿತಿ. ಅದರ ಮೇಲೆ ಇಲಾಖೆಯ ಪರಿಶೀಲನಾ ಸಮಿತಿ, ಪರಿಸರ ಸಚಿವಾಲಯದ ಅನುಮೋದನಾ ಸಮಿತಿ (2010ರಿಂದ ಮೌಲ್ಯಮಾಪನ ಸಮಿತಿ). ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿಯವರೂ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯವರೂ ಸಮಿತಿಗಳ ಅಧ್ಯಕ್ಷರು; ತಪಾಸಣೆಯ ಅಧಿಕಾರ ಈ ಸಮಿತಿಗಳಿಗಿದೆ. 20 ಲೀಟರಿಗೆ ಮೀರಿದ ಹುದುಗುವಿಕೆಯನ್ನು ಮಾರ್ಗಸೂಚಿ ‘ದೊಡ್ಡ ಪ್ರಮಾಣ’ವೆಂದು ಎಣಿಸಿ, ಅದಕ್ಕೆ ಬಿಗಿಯಾದ ಪರಿಶೀಲನೆ ವಿಧಿಸಿತು.

ಕರ್ನಾಟಕದಲ್ಲಿ: 20 ಲೀಟರಿನ ಮಿತಿಯ ಮಹತ್ವ ಇನ್ಸುಲಿನ್ ತಯಾರಿಕೆಯಲ್ಲಿ ಕಾಣುತ್ತದೆ. 1978ರಲ್ಲಿ ಕಿಣ್ವ ತಯಾರಿಕೆಯಿಂದ ಆರಂಭವಾದ ಬೆಂಗಳೂರಿನ ಬಯೋಕಾನ್, ಪಿಕಿಯ ಯೀಸ್ಟಿಗೆ ಮಾನವ ಇನ್ಸುಲಿನ್ ಜೀನ್ ಸೇರಿಸಿ ತಯಾರಿಸಿದ ‘ಇನ್ಸುಜೆನ್’ ಅನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ಇಂಥ ತಯಾರಿಕೆಯಲ್ಲಿ ಯೀಸ್ಟ್ ಬೆಳೆಯುವುದು ಭಾರಿ ಉಕ್ಕಿನ ಟ್ಯಾಂಕುಗಳಲ್ಲಿ. ರೋಗಿಗೆ ತಲುಪುವುದು ಶುದ್ಧೀಕರಿಸಿದ ಪ್ರೋಟೀನು ಮಾತ್ರ. ಆದ್ದರಿಂದ ಎಚ್ಚರವೆಲ್ಲ ಟ್ಯಾಂಕು, ಸೋಸುವ ಉಪಕರಣ ಮತ್ತು ತ್ಯಾಜ್ಯದ ಮೇಲೆ. ಉಳಿದ ಜೀವಕೋಶಗಳನ್ನು ಶಾಖದಿಂದಲೋ ರಾಸಾಯನಿಕದಿಂದಲೋ ಕೊಂದ ಮೇಲೆಯೇ ಹೊರಬಿಡಬೇಕು.

ಪರಿಷ್ಕರಣೆ: ವಿಜ್ಞಾನಿ ಆರ್.ಎ. ಮಾಶೇಲ್ಕರ್ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ 2006ರಲ್ಲಿ ಔಷಧಗಳ ಅನುಮತಿಯ ಹಾದಿ ಸರಳವಾಯಿತು. ಅಂತಿಮ ಉತ್ಪನ್ನ ಜೀವಂತ ಕುಲಾಂತರಿಯಲ್ಲದಿದ್ದರೆ ಸಚಿವಾಲಯದ ಸಮಿತಿಯ ಅನುಮೋದನೆ ಬೇಕಿಲ್ಲವೆಂದಾಯಿತು. 2017ರ ಮಾರ್ಗಸೂಚಿ ಸೂಕ್ಷ್ಮಜೀವಿಗಳನ್ನು ನಾಲ್ಕು ಅಪಾಯ ಗುಂಪುಗಳಾಗಿ, ಪ್ರಯೋಗಾಲಯಗಳನ್ನು ಅದಕ್ಕೆ ತಕ್ಕ ನಾಲ್ಕು ಸುರಕ್ಷತಾ ಹಂತಗಳಾಗಿ ವಿಂಗಡಿಸಿತು. ಆದರೂ ಪ್ರತಿ ಪ್ರಯೋಗವನ್ನು ಮೊದಲು ತೂಗಿ ನೋಡುವ ಹೊಣೆ ಆಯಾ ಸಂಸ್ಥೆಯ ಸಮಿತಿಯದೇ ಆಗಿ ಉಳಿದಿದೆ.