ತೂಕ ಇಳಿದ ಮೇಲೆ ಏರುವ ಹಸಿವು

ಬೇಯಿಸಿದ ಮೊಟ್ಟೆ, ಟೋಸ್ಟ್, ಕಿತ್ತಳೆ ರಸ, ಹಾಲು. ಒಟ್ಟು 550 ಕ್ಯಾಲೊರಿಯ ಇಂಥದೊಂದು ತಿಂಡಿಯನ್ನು ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ಜನರಿಗೆ ಮೂರು ಸಲ ಕೊಟ್ಟರು: ಪಥ್ಯಕ್ಕೆ ಮುನ್ನ, ಪಥ್ಯ ಮುಗಿದಾಗ, ಆಮೇಲೆ ಒಂದು ವರ್ಷ ಕಳೆದು. ತಿನ್ನುವ ಮೊದಲೊಮ್ಮೆ, ತಿಂದ ಮೇಲೆ ನಾಲ್ಕು ಗಂಟೆಯ ತನಕ ಮತ್ತೆ ಮತ್ತೆ ರಕ್ತ ತೆಗೆದರು. ಹಸಿವು ಎಷ್ಟಿದೆಯೆಂದು ಒಂದು ಗೆರೆಯ ಮೇಲೆ ಗುರುತು ಹಾಕಿಸಿಕೊಂಡರು.

ಪ್ರಿಯಾ ಸುಮಿತ್ರನ್, ಜೋಸೆಫ್ ಪ್ರೊಯೆಟ್ಟೊ ಮತ್ತು ಸಂಗಡಿಗರ ಈ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಸೇರಿದ್ದವರು 50 ಜನ, ಕೊನೆಯವರೆಗೆ ಉಳಿದವರು 34. ಹತ್ತು ವಾರಗಳಲ್ಲಿ ಸರಾಸರಿ 13 ಕಿಲೊ ಮೀರಿ ಇಳಿದಿದ್ದ ತೂಕದಲ್ಲಿ ಸುಮಾರು ಐದೂವರೆ ಕಿಲೊ ಮರುವರ್ಷ ವಾಪಸಾಯಿತು. ಅದಕ್ಕಿಂತ ಮುಖ್ಯವಾದದ್ದು ರಕ್ತ ಹೇಳಿದ ಮಾತು. ಕೊಬ್ಬಿನ ದಾಸ್ತಾನು ಎಷ್ಟಿದೆಯೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಹತ್ತನೆಯ ವಾರಕ್ಕೆ ಮೂರನೇ ಒಂದು ಭಾಗದಷ್ಟಕ್ಕೆ ಕುಸಿದಿತ್ತು. ವರ್ಷದ ಮೇಲೂ ಮೊದಲಿನ ಮಟ್ಟ ಮುಟ್ಟಿರಲಿಲ್ಲ. ಹಸಿವು ಕೆರಳಿಸುವ ಗ್ರೆಲಿನ್ ಏರಿಯೇ ಇತ್ತು. ಹೊಟ್ಟೆ ತುಂಬಿತೆಂದು ಸಾರುವ ಕರುಳಿನ ಹಾರ್ಮೋನುಗಳಲ್ಲಿ ಕೆಲವು ತಗ್ಗಿಯೇ ಇದ್ದವು. ಗೆರೆಯ ಮೇಲಿನ ಗುರುತೂ ಅದನ್ನೇ ತೋರಿಸಿತು: ಅದೇ ತಿಂಡಿ, ಹೆಚ್ಚು ಹಸಿವು.

ತೂಕ ಮರಳಿದವರಿಗೆ ನಮ್ಮಲ್ಲಿ ಸಿಗುವ ಮಾತು ಒಂದೇ, ‘ಬಾಯಿ ಕಟ್ಟಲಿಲ್ಲ’. ಅಧ್ಯಯನ ಚಿಕ್ಕದು, ನಿಜ. ಆದರೂ ಆ ಮಾತು ಎಷ್ಟು ಅನ್ಯಾಯದ್ದೆಂದು ತೋರಿಸಲು ಇಷ್ಟು ಸಾಕು.

ಹಸಿವು ಏರುವುದರ ಜೊತೆಗೆ ಖರ್ಚೂ ಇಳಿಯುತ್ತದೆ. ಅಮೆರಿಕದ ‘ದಿ ಬಿಗೆಸ್ಟ್ ಲೂಸರ್’ ಟಿವಿ ಸ್ಪರ್ಧೆಯಲ್ಲಿ ತೂಕ ಇಳಿಸಿದ್ದ 14 ಜನರನ್ನು ಕೆವಿನ್ ಹಾಲ್ ಅವರ ತಂಡ ಆರು ವರ್ಷದ ಬಳಿಕ ಪರೀಕ್ಷಿಸಿತು. ಸುಮ್ಮನೆ ಮಲಗಿದ್ದಾಗಲೂ ಅವರ ದೇಹ ಉರಿಸುತ್ತಿದ್ದದ್ದು ಅವರ ಮೈಕಟ್ಟಿಗೆ ತಕ್ಕುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ. ಕಳೆದುಕೊಂಡ ತೂಕದ ಬಹುಪಾಲು ಅಷ್ಟರಲ್ಲಿ ಮರಳಿತ್ತು. ಕುಗ್ಗಿದ ಖರ್ಚು ಮಾತ್ರ ಮೇಲೇಳಲಿಲ್ಲ.

ಇದರಲ್ಲಿ ಲೆಪ್ಟಿನ್ ಪಾತ್ರವೆಷ್ಟು? ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕಲ್ ರೋಸೆನ್‌ಬಾಮ್ ಮತ್ತು ರುಡಾಲ್ಫ್ ಲೈಬಲ್ ಶೇ 10ರಷ್ಟು ತೂಕ ಇಳಿಸಿಕೊಂಡವರಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟು, ಅದನ್ನು ಹಳೆಯ ಮಟ್ಟಕ್ಕೆ ತಂದರು. ಕುಗ್ಗಿದ್ದ ಶಕ್ತಿವ್ಯಯ ಬಹುಮಟ್ಟಿಗೆ ಚೇತರಿಸಿತು. ದೇಹ ಇಳಿದ ತೂಕವನ್ನು ಬರಗಾಲವೆಂದೇ ಎಣಿಸುತ್ತದೆ ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಪುರಾವೆ ಸಿಗುವುದು ಕಷ್ಟ.

ಕರುಳಿನ ಜಿಎಲ್‌ಪಿ-1 ಹಾರ್ಮೋನನ್ನು ಅನುಕರಿಸುವ ಸೆಮಾಗ್ಲುಟೈಡ್ ಈಗ ಈ ಹಸಿವನ್ನು ತಗ್ಗಿಸುತ್ತಿದೆ, ಚುಚ್ಚುಮದ್ದು ನಡೆಯುವಷ್ಟು ದಿನ. 68 ವಾರ ಅದನ್ನು ಪಡೆದು ಶೇ 17ರಷ್ಟು ತೂಕ ಕಳೆದುಕೊಂಡವರು ನಿಲ್ಲಿಸಿದ ಒಂದೇ ವರ್ಷದಲ್ಲಿ ಅದರ ಮೂರನೇ ಎರಡು ಭಾಗವನ್ನು ಮರಳಿ ಪಡೆದಿದ್ದರು. ಇಳಿದಿದ್ದ ರಕ್ತದೊತ್ತಡವೂ ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೆ ಬಂದಿತ್ತು.